ಬೆಳ್ಳಿ ಮುಖವಾಡದ ಶುಕ್ರವಾರ

2019ರಲ್ಲಿ ಆಫೀಸ್ ಕೆಲಸದ ಮೇಲೆ ಎಂಟು ತಿಂಗಳು ಮೆಕ್ಸಿಕೊ ಸಿಟಿಯಲ್ಲಿದ್ದೆ. ನಾರ್ವಾರ್ತೆ ಬಡಾವಣೆಯಲ್ಲಿ ಮಹಡಿ ಮೇಲೆ ಒಂದು ರೂಮು. ಕೆಳಗೆ ಓನರ್ ಅಜ್ಜ ಒಬ್ಬರೇ. 74 ವರ್ಷ. ನನ್ನನ್ನು ‘ಮಿಹೋ’ ಅಂತ ಕರೆಯುತ್ತಿದ್ದರು, ನಮ್ಮಲ್ಲಿ ಹಿರಿಯರು ‘ಮಗಾ’ ಅನ್ನುವ ಹಾಗೆ. ಅವರ ಅಡುಗೆಮನೆ ಗೋಡೆಯಲ್ಲಿ ಮೇರಿ ಮಾತೆಯ ಪಟದ ಪಕ್ಕದಲ್ಲೇ ಇನ್ನೊಂದು ಫೋಟೊ ಇತ್ತು. ಬೆಳ್ಳಿ ಬಣ್ಣದ ಮುಖವಾಡ ತೊಟ್ಟ ಪೈಲ್ವಾನ.

ಇವರು ಯಾರು ಅಂತ ಕೇಳಿದೆ. ಅಜ್ಜ ಒಲೆ ಆರಿಸಿ ಬಂದು ಕೂತರು.

ಎಲ್ ಸಾಂತೊ. ಸಾಂತೊ ಅಂದ್ರೆ ಸಂತ. ನಿಜವಾದ ಹೆಸರು ರೊಡೊಲ್ಫೊ ಗುಸ್ಮಾನ್ ಉಯೆರ್ತಾ. ಹುಟ್ಟಿದ್ದು 1917ರಲ್ಲಿ, ಇದಾಲ್ಗೊ ರಾಜ್ಯದ ತುಲಾನ್ಸಿಂಗೊದಲ್ಲಿ. ಚಿಕ್ಕಂದಿನಲ್ಲೇ ಮನೆಯವರೆಲ್ಲ ರಾಜಧಾನಿಗೆ ಬಂದರು. ಹುಡುಗ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿಯುತ್ತಾ ಕುಸ್ತಿ ಕಲಿತ. ಮೊದಲು ಬೇರೆ ಬೇರೆ ಹೆಸರಲ್ಲಿ ಆಡಿದ, ಯಾವುದೂ ನಿಲ್ಲಲಿಲ್ಲ. ಬಾವಲಿ ಅಂತ ಹೆಸರಿಟ್ಟುಕೊಂಡರೆ ಆ ಹೆಸರಿನವನು ಆಗಲೇ ಇನ್ನೊಬ್ಬನಿದ್ದ, ಅವನು ತಕರಾರು ತೆಗೆದ. ಕೊನೆಗೆ ಮ್ಯಾನೇಜರ್ ಮೂರು ಹೆಸರು ಮುಂದಿಟ್ಟರಂತೆ: ಸಂತ, ಸೈತಾನ, ದೇವದೂತ. ಇವನು ಸಂತನನ್ನು ಆರಿಸಿಕೊಂಡ. 1942ರ ಜುಲೈ 26ರಂದು ಮೊದಲ ಸಲ ಬೆಳ್ಳಿ ವೇಷದಲ್ಲಿ ಅಖಾಡಕ್ಕಿಳಿದ.

“ಹೆಸರು ಸಂತ, ಆಟ ಮಾತ್ರ ರೂಡೊ” ಅಂದರು ಅಜ್ಜ. ಲುಚಾ ಲಿಬ್ರೆ, ಅಂದ್ರೆ ಮೆಕ್ಸಿಕೊದ ಈ ಕುಸ್ತಿಯಲ್ಲಿ ಎರಡು ಪಕ್ಷ. ನಿಯಮ ಮುರಿಯುವವರು ರೂಡೊಗಳು, ನೇರವಾಗಿ ಆಡುವವರು ಟೆಕ್ನಿಕೊಗಳು. ಸಾಂತೊ ಸುಮಾರು ಇಪ್ಪತ್ತು ವರ್ಷ ರೂಡೊ ಆಗಿದ್ದ. 1962ರಲ್ಲಿ ಟೆಕ್ನಿಕೊಗಳ ಕಡೆ ಬಂದ. ಅಷ್ಟರಲ್ಲಿ ಮಕ್ಕಳಿಗೆಲ್ಲ ಅವನು ದೇವರಾಗಿಬಿಟ್ಟಿದ್ದ. 1952ರಲ್ಲಿ ಹೋಸೆ ಕ್ರೂಸ್ ಅನ್ನುವವರು ಸಾಂತೊನ ಫೋಟೊ ಕತ್ತರಿಸಿ, ಚಿತ್ರದ ಜೊತೆ ಅಂಟಿಸಿ ಕಾಮಿಕ್ಸ್ ಶುರು ಮಾಡಿದ್ದರು. ಆಗ ನಮ್ಮ ಅಜ್ಜನಿಗೆ ಏಳು ವರ್ಷ. ಕಾಮಿಕ್ಸ್ ಓದೋಕೆ ಅಂತಲೇ ಅಕ್ಷರ ಕಲಿತೆ ಅಂದರು.

“ಶುಕ್ರವಾರ ನನ್ನ ಜೊತೆ ಬಾ” ಅಂದರು.

ದೊಕ್ತೋರೆಸ್ ಬಡಾವಣೆಯಲ್ಲಿ ಅರೆನಾ ಮೆಹಿಕೊ ಇದೆ. 1956ರಿಂದ ಅಲ್ಲಿ ಕುಸ್ತಿ ನಡೀತಿದೆ, ಹದಿನಾರು ಸಾವಿರದಷ್ಟು ಜನ ಹಿಡಿಸುತ್ತಾರೆ. ಹೊರಗಿನ ಬೀದಿಯಲ್ಲಿ ಎರಡೂ ಕಡೆ ಮುಖವಾಡದ ಅಂಗಡಿಗಳು. ನಮ್ಮೂರಿನ ಹುಡುಗರಿಗೆ ಮುಖವಾಡದ ಪೈಲ್ವಾನ ಅಂದ್ರೆ ರೇ ಮಿಸ್ಟೀರಿಯೊ, ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡ್ ಆಡ್ತಿದ್ದ ಕಾಲದಿಂದ. ನಾನೂ ಅದನ್ನೇ ಹುಡುಕಿದೆ. ಅಜ್ಜ ನನ್ನ ಕೈಗೆ ಒಂದು ಬೆಳ್ಳಿ ಮುಖವಾಡ ಕೊಟ್ಟು ಒಳಮಗ್ಗುಲು ತಿರುಗಿಸಿ ತೋರಿಸಿದರು. ಕಣ್ಣಿನ ತೂತು ನೀರಹನಿಯ ಆಕಾರ. ಸುತ್ತ ಎರಡು ಸಾಲು ಹೊಲಿಗೆ. ಹಿಂದೆ, ಹಿಂದಲೆಯಿಂದ ಕತ್ತಿನವರೆಗೆ ಶೂಗಿರುವ ಹಾಗೆ ತೂತುಗಳು, ಅದರಲ್ಲಿ ಅಡ್ಡಡ್ಡ ಹೋಗುವ ದಾರ. “ಎಲ್ಲಾ ಇರೋದು ಈ ದಾರದ ಗಂಟಿನಲ್ಲಿ” ಅಂದರು.

ಒಳಗೆ ಹೋದರೆ ಕಿವಿ ಗಡಚಿಕ್ಕುವ ಸದ್ದು. ನಮ್ಮ ಮುಂದಿನ ಸಾಲಿನಲ್ಲಿ ಅಜ್ಜಿಯೊಬ್ಬರು ರೂಡೊಗಳಿಗೆ ಕೈ ಬೀಸಿ ಬೀಸಿ ಬೈಯ್ತಿದ್ದರು. ಮೂರರಲ್ಲಿ ಎರಡು ಸುತ್ತು ಗೆದ್ದವರಿಗೆ ಜಯ, ಟೈಮಿನ ಮಿತಿ ಇಲ್ಲ. ಹಗ್ಗದ ಮೇಲಿಂದ ಹಾರಿ ಹೊರಗಿದ್ದವನ ಮೇಲೆ ಬೀಳ್ತಾರೆ. ಬಿದ್ದ ಸದ್ದು ಎದೆಗೇ ತಾಗುತ್ತೆ.

ಮೂರನೇ ಆಟದಲ್ಲಿ ಅದು ನಡೆಯಿತು. ಒಬ್ಬ ರೂಡೊ ಎದುರಾಳಿಯನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು, ಮುಖವಾಡದ ದಾರ ಎಳೆಯತೊಡಗಿದ. ಒಂದೊಂದೇ ತೂತಿನಿಂದ ದಾರ ಬಿಚ್ಚಿಕೊಂಡಿತು. ಮುಖವಾಡ ಕಿತ್ತು ಬಂತು. ಆ ಹುಡುಗ ಎದ್ದೇಳಲಿಲ್ಲ, ತಿರುಗಿ ಹೊಡೆಯಲೂ ಇಲ್ಲ. ಬೋರಲು ಬಿದ್ದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಜೊತೆಗಾರ ಓಡಿ ಬಂದು ಟವೆಲ್ ಹೊದಿಸಿದ. ಕಿತ್ತವನಿಗೆ ಸೋಲು ಅಂತ ರೆಫರಿ ಕೂಗಿದರು. ಅದೇ ನಿಯಮ.

ನಾನು ಮುಖ ಕಾಣುತ್ತಾ ಅಂತ ಕತ್ತು ಉದ್ದ ಮಾಡಿದ್ದೆ. ಪಕ್ಕಕ್ಕೆ ನೋಡಿದರೆ ಅಜ್ಜ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡ್ತಾ ಕೂತಿದ್ದರು. ಮುಂದಿನ ಸಾಲಿನ ಅಜ್ಜಿ ಕೂಡ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ನನಗೆ ನಾಚಿಕೆಯಾಯಿತು.

ಮುಖವಾಡವನ್ನೇ ಪಣಕ್ಕಿಟ್ಟು ಆಡುವುದೂ ಉಂಟು. ಸೋತವನು ಎಲ್ಲರೆದುರು ಬಿಚ್ಚಿ ತನ್ನ ಹೆಸರು ಹೇಳಬೇಕು. 1952ರ ನವೆಂಬರ್ 7ರಂದು ಸಾಂತೊ ಹಾಗೆ ಬ್ಲ್ಯಾಕ್ ಶಾಡೋ ಅನ್ನುವ ಪೈಲ್ವಾನನ ಮುಖವಾಡ ಗೆದ್ದ. ತನ್ನದನ್ನು ಮಾತ್ರ ಒಮ್ಮೆಯೂ ಸೋಲಲಿಲ್ಲ. ಐವತ್ತಕ್ಕೂ ಜಾಸ್ತಿ ಸಿನಿಮಾಗಳಲ್ಲಿ ನಟಿಸಿದ, ಎಲ್ಲದರಲ್ಲೂ ಮುಖವಾಡದಲ್ಲೇ. ಊಟಕ್ಕೆ ಗಲ್ಲದ ಭಾಗ ಕತ್ತರಿಸಿದ ಬೇರೆ ಮುಖವಾಡ ಇಟ್ಟುಕೊಂಡಿದ್ದ. ಶೂಟಿಂಗಿಗೆ ಹೊರದೇಶಕ್ಕೆ ಹೋಗುವಾಗ ಉಳಿದವರ ಜೊತೆ ವಿಮಾನ ಹತ್ತುತ್ತಿರಲಿಲ್ಲ, ತಪಾಸಣೆಯಲ್ಲಿ ಅವರು ಮುಖ ನೋಡಿಬಿಡಬಾರದು ಅಂತ. ನಲವತ್ತು ವರ್ಷ ಹೀಗೆ ಬದುಕೋದು ಸುಮ್ನೆ ಮಾತಲ್ಲ. ಕುಸ್ತಿಗಿಂತ ಅದೇ ದೊಡ್ಡ ಪಟ್ಟು ಅಂತ ನನಗನ್ನಿಸುತ್ತೆ.

ಆಟ ಮುಗಿದ ಮೇಲೆ ಬೀದಿಬದಿಯಲ್ಲಿ ಟಾಕೊ ತಿನ್ನುತ್ತಾ ಅಜ್ಜನನ್ನು ಕೇಳಿದೆ, ಸಾಂತೊನ ಮುಖ ಯಾರೂ ನೋಡಲೇ ಇಲ್ವಾ?

“ಒಂದು ಸಲ ಟಿ.ವಿ.ಯಲ್ಲಿ ತೋರಿಸಿದ” ಅಂದರು. 1984ರ ಜನವರಿ ಕೊನೆ. ಒಂದು ಚರ್ಚಾ ಕಾರ್ಯಕ್ರಮ. ಸಾಂತೊ ಮುಖವಾಡವನ್ನು ಅರ್ಧ ಮೇಲೆತ್ತಿ, ಮತ್ತೆ ಇಳಿಸಿದ. “ನಾನು ನೋಡಲಿಲ್ಲ ಮಿಹೋ. ನಮ್ಮಮ್ಮ ಹೋಗಿ ಟಿ.ವಿ. ಮುಂದೆ ನಿಂತುಬಿಟ್ಟಳು. ನನಗಾಗ 38 ವರ್ಷ. ಬೇಡ, ನೋಡಬೇಡ ಅಂದಳು.”

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. ಫೆಬ್ರವರಿ 5ರಂದು ಹೃದಯಾಘಾತದಿಂದ ಸಾಂತೊ ತೀರಿಕೊಂಡ. ಬೆಳ್ಳಿ ಮುಖವಾಡದಲ್ಲೇ ಮಣ್ಣು ಮಾಡಿದರು. ಅಜ್ಜ ಅಂದು ಕೆಲಸಕ್ಕೆ ರಜೆ ಹಾಕಿ ಜನಜಂಗುಳಿಯಲ್ಲಿ ನಿಂತಿದ್ದರಂತೆ. ಅಷ್ಟು ಹೇಳಿ ಸುಮ್ಮನಾದರು. ನಾನೂ ಕೆದಕಲಿಲ್ಲ.

ಬಾಲ್ಡೆರಾಸ್‌ನಲ್ಲಿ ಮೆಟ್ರೊ ಹತ್ತಿದೆವು. ಎದುರು ಸೀಟಿನಲ್ಲಿ ಒಬ್ಬ ತಂದೆ, ಹೆಗಲ ಮೇಲೆ ನಾಲ್ಕೈದು ವರ್ಷದ ಮಗು. ಅದೂ ಕುಸ್ತಿಯಿಂದಲೇ ಬಂದಿದ್ದು, ಗಾಢ ನಿದ್ದೆ. ಮುಖವಾಡ ಓರೆಯಾಗಿ ಕಣ್ಣಿನ ತೂತು ಕೆನ್ನೆಗೆ ಬಂದಿತ್ತು, ದಾರ ಸಡಿಲವಾಗಿ ಜೋತು ಬಿದ್ದಿತ್ತು. ನಮ್ಮ ಸ್ಟೇಷನ್ ಹತ್ತಿರ ಬಂದಾಗ ಅಜ್ಜ ಎದ್ದರು. ತಂದೆಯ ಕಡೆ ನೋಡಿ ಕಣ್ಣಲ್ಲೇ ಅಪ್ಪಣೆ ಕೇಳಿದರು. ಮಗು ಎಚ್ಚರವಾಗದ ಹಾಗೆ ಎರಡು ಬೆರಳಲ್ಲಿ ಮುಖವಾಡ ಸರಿಮಾಡಿ, ಹಿಂದೆ ದಾರ ಎಳೆದು ಗಂಟು ಹಾಕಿದರು.

ಬಾಗಿಲು ತೆರೆಯಿತು. ಇಳಿದೆವು.