ಕತ್ತರಿಗಿಂತ ಮೊದಲು ಪೆನ್ಸಿಲ್

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಗಾಜಿನ ಕಪಾಟಿನಲ್ಲಿ, ಸತ್ತ ಮೇಲೆ ತುಂಬಿಸಿಟ್ಟ ಒಂದು ಕಣಜ ಗೂಬೆ ನಿಂತಿದೆ. ಗರಿಗಳು ಇಂದಿಗೂ ಚೆನ್ನಾಗಿವೆ. ಆದರೆ ಅದಕ್ಕೆ ಕೂರಿಸಿರುವುದು ಹಳದಿ ಗಾಜಿನ ಕಣ್ಣು. ಕಣಜ ಗೂಬೆಯ ಕಣ್ಣು ಕಪ್ಪೆನಿಸುವಷ್ಟು ಗಾಢವಾದ ಕಂದು; ಹಳದಿ ಕಣ್ಣು ಹಾಲಕ್ಕಿ ಎಂಬ ಸಣ್ಣ ಗೂಬೆಯದು. ಹಕ್ಕಿ ಸತ್ತ ಮೇಲೆ ಅದರ ಕಣ್ಣು ಬೇಗನೆ ಮಸುಕಾಗಿ ಒಳಕ್ಕೆ ಕುಸಿಯುತ್ತದೆ. ಆ ಹೊತ್ತಿಗೆ ಯಾರೂ ಬಣ್ಣ ಬರೆದಿಡದಿದ್ದರೆ ಮುಂದೆ ಕೆಲಸಕ್ಕೆ ಕೂತವರಿಗೆ ಊಹೆಯೇ ಗತಿ. ವರ್ಷವರ್ಷವೂ ಮಕ್ಕಳು ಆ ಗೂಬೆಯನ್ನು ನೋಡಿ ತಪ್ಪು ಚಿತ್ರ ಬರೆಯುವುದನ್ನು ಕಂಡು ನನಗೆ ಬಹಳ ಸಂಕಟವಾಗುತ್ತಿತ್ತು. ಕಪಾಟಿನ ಉಸ್ತುವಾರಿ ನನಗೆ ಬಂದಾಗ ಟ್ಯಾಕ್ಸಿಡರ್ಮಿಯನ್ನು, ಅಂದರೆ ಸತ್ತ ಪ್ರಾಣಿಯ ಚರ್ಮವನ್ನು ಕೃತಕ ದೇಹಕ್ಕೆ ಹೊದಿಸಿ ಜೀವಂತದಂತೆ ನಿಲ್ಲಿಸುವ ವಿದ್ಯೆಯನ್ನು, ಬುಡದಿಂದ ಕಲಿಯಲೇಬೇಕು ಎನ್ನಿಸಿತು.

ಕಲಿಸಲು ಒಪ್ಪಿದವರು ಪಶುವೈದ್ಯಕೀಯ ಅಂಗರಚನಾ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿರುವ ಹಿರಿಯರೊಬ್ಬರು. ಅವರ ನಿಯಮ ಸ್ಪಷ್ಟವಾಗಿತ್ತು. ಮೇಜಿನ ಮೇಲೆ ಬರುವುದು ತಾನಾಗಿಯೋ ಅಪಘಾತದಲ್ಲೋ ಸತ್ತ ಸಾಕುಹಕ್ಕಿ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ, ರಸ್ತೆಯಲ್ಲಿ ಸತ್ತು ಬಿದ್ದ ಕಾಡುಹಕ್ಕಿಯನ್ನು ಕೂಡ ಅನುಮತಿಯಿಲ್ಲದೆ ಎತ್ತಿಟ್ಟುಕೊಳ್ಳುವಂತಿಲ್ಲ. ಕಾಡುಹಕ್ಕಿಯನ್ನು ಕೆರೆಯಲ್ಲಿ, ಮರದಲ್ಲಿ, ಜೀವಂತವಾಗಿಯೇ ನೋಡಿ ಬರೆದುಕೊಳ್ಳಬೇಕು. ಈ ಕಟ್ಟುಪಾಡು ನನಗೆ ಒಳ್ಳೆಯದನ್ನೇ ಮಾಡಿತು. ಚರ್ಮಕ್ಕೆ ಮುಂಚೆ ಬದುಕನ್ನು ನೋಡುವಂತಾಯಿತು.

ಹಾಗೆ ಡಿಸೆಂಬರಿನ ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತೆವು. ಪೆಲಿಕನ್‌ಗಳ ಕಡೆ ನನ್ನ ಕಣ್ಣು ಹೋಗುತ್ತಿತ್ತು. ಅವರು ತೋರಿಸಿದ್ದು ನೀರಂಚಿನಲ್ಲಿ ಕುಗ್ಗಿ ಕೂತಿದ್ದ ಒಂದು ಕೊಳದ ಬಕವನ್ನು. “ಬಿಸಿಲೇರುವವರೆಗೂ ಇದೊಂದನ್ನೇ ನೋಡಮ್ಮ. ಕೊಕ್ಕು ಆಮೇಲೆ ಬರೆಯುವೆಯಂತೆ, ಮೊದಲು ಕಾಲು ನೋಡು” ಎಂದರು. ಕ್ಯಾಮೆರಾ ಚೀಲದಲ್ಲೇ ಉಳಿಯಿತು.

ಕಾಲು ಯಾಕೆಂದು ನೋಡುತ್ತಾ ಹೋದಂತೆ ತಿಳಿಯಿತು. ನಾವು ಮಂಡಿಯೆಂದುಕೊಳ್ಳುವ, ಹಿಂದಕ್ಕೆ ಬಾಗುವ ಆ ಗೆಣ್ಣು ವಾಸ್ತವದಲ್ಲಿ ಹಕ್ಕಿಯ ಹಿಮ್ಮಡಿ. ನಿಜವಾದ ಮಂಡಿ ಹೊಟ್ಟೆಯ ಗರಿಗಳೊಳಗೆ ಅಡಗಿದೆ. ತೊಡೆಮೂಳೆ ಮುಂದಕ್ಕೆ ಚಾಚಿಕೊಂಡಿರುವುದರಿಂದಲೇ ಪಾದ ದೇಹದ ಭಾರದ ನೇರ ಕೆಳಗೆ ಬರುತ್ತದೆ. ಹಕ್ಕಿಯನ್ನು ನಿಲ್ಲಿಸಲು ಕಾಲಿನೊಳಗೆ ತೂರಿಸುವ ತಂತಿಯನ್ನು ಹೊಟ್ಟೆಯ ಹಿಂಬದಿಯಿಂದ ಹೊರಡಿಸಿದರೆ ಹಕ್ಕಿ ಮುಂದಕ್ಕೆ ಮುಗ್ಗರಿಸುವಂತೆ ಕಾಣುತ್ತದೆ. ಹಳೆಯ ಸಂಗ್ರಹಗಳಲ್ಲಿ ಇಂಥ ಹಕ್ಕಿಗಳನ್ನು ಕಂಡಾಗ ಏನೋ ಸರಿಯಿಲ್ಲ ಎನ್ನಿಸುತ್ತಿದ್ದುದಕ್ಕೆ ನನಗೆ ಅಲ್ಲಿ ಕಾರಣ ಸಿಕ್ಕಿತು.

ಕುತ್ತಿಗೆ ಇನ್ನೊಂದು ಪಾಠ. ಕತ್ತೇ ಇಲ್ಲವೇನೋ ಎಂಬಂತೆ ಮುದುಡಿದ್ದ ಬಕ, ಮೀನು ಕಂಡೊಡನೆ ಅದನ್ನು ಉದ್ದಕ್ಕೆ ಚಾಚಿತು. ಬಕಗಳಲ್ಲಿ ಕುತ್ತಿಗೆಯ ಆರನೆಯ ಕಶೇರು, ಅಂದರೆ ಆರನೆಯ ಮೂಳೆ, ವಿಶೇಷವಾಗಿ ಉದ್ದವಾಗಿದ್ದು, ಅಲ್ಲೇ ಆ ಚೂಪಾದ ಮಡಿಕೆ ಬೀಳುತ್ತದೆ. ಮೃದುವಾದ ಬಳುಕು ಕೊಟ್ಟರೆ ನೋಡಲು ಚೆಂದ, ಆದರೆ ಅದು ಬಕವಲ್ಲ. ಮಡಿಕೆ ಎಲ್ಲಿದೆ, ಮುದುಡಿದಾಗ ಯಾವ ಗರಿ ಯಾವುದರ ಮೇಲೆ ಬರುತ್ತದೆ ಎಂದು ಗೆರೆಗಳಲ್ಲೇ ಗುರುತಿಸಿಕೊಂಡೆ. ಆಮೇಲೆ ಫೋಟೊ. ಛಾಯಾಗ್ರಾಹಕರು ಬಹುಪಾಲು ಪಕ್ಕದಿಂದ ತೆಗೆಯುತ್ತಾರೆ. ನಮಗೆ ಮುಂದಿನಿಂದ, ಹಿಂದಿನಿಂದ, ಏರಿಯ ಮೇಲಿನಿಂದ ಬಗ್ಗಿ ತೆಗೆದ ಚಿತ್ರಗಳೇ ಹೆಚ್ಚು ಬೇಕು. ಬೆನ್ನು ಎಷ್ಟು ಅಗಲ, ರೆಕ್ಕೆಯ ತುದಿಗಳು ಬಾಲದ ಮೇಲೆ ಹೇಗೆ ಕೂಡುತ್ತವೆ ಎಂಬುದು ಪಕ್ಕದ ಚಿತ್ರದಲ್ಲಿ ಸಿಗುವುದೇ ಇಲ್ಲ. ತಿಂಗಳನ್ನೂ ತಪ್ಪದೆ ಬರೆಯಬೇಕು. ಚಳಿಗಾಲದಲ್ಲಿ ಮಣ್ಣಿನ ಬಣ್ಣದಲ್ಲಿರುವ ಈ ಹಕ್ಕಿಯ ಬೆನ್ನು ಸಂತಾನದ ಕಾಲದಲ್ಲಿ ಕೆಂಗಂದಾಗುತ್ತದೆ.

ಮಧ್ಯಾಹ್ನ ಮೇಜಿನ ಮೇಲೆ ಒಂದು ನಾಟಿ ಹುಂಜವಿತ್ತು. ಪರಿಚಯದವರ ಮನೆಯದು, ಬೆಳಿಗ್ಗೆ ವಾಹನಕ್ಕೆ ಸಿಕ್ಕಿ ಸತ್ತಿತ್ತು. ಮೊದಲ ಕೆಲಸ ಕಣ್ಣು ಮತ್ತು ಜುಟ್ಟಿನ ಬಣ್ಣ. ಗರಿಯ ಬಣ್ಣ ಉಳಿಯುತ್ತದೆ. ಗರಿಯಿಲ್ಲದ ಜಾಗದ ಬಣ್ಣ ಮಾತ್ರ ಹೊರಟುಹೋಗುತ್ತದೆ. ಜುಟ್ಟು, ಮುಖ, ಕಾಲು ಎಲ್ಲವೂ ಹಾಗೆಯೇ. ಹುಂಜದ ಜುಟ್ಟು ಕೆಂಪಗಿರುವುದು ಒಳಗೆ ಹರಿಯುವ ರಕ್ತದಿಂದ. ಜೀವ ಹೋದ ಮೇಲೆ ಅದು ಮಂಕಾಗುತ್ತದೆ, ಒಣಗಿದರೆ ಮುದುಡುತ್ತದೆ. ಅದಕ್ಕಾಗಿ ಜೊತೆಗಾರ ಹುಂಜವೊಂದರ ಜೀವಂತ ಜುಟ್ಟನ್ನೂ ನೋಡಿಕೊಂಡು, ನೀರುಬಣ್ಣ ಬೆರೆಸಿ ಹೊಂದಿಸಿ, ಯಾವ ಬಣ್ಣಗಳು ಕೂಡಿದವು ಎಂದು ಪಕ್ಕದಲ್ಲೇ ಬರೆದೆ. ‘ಕೆಂಪು’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ.

ಆಮೇಲೆ ಅಳತೆ. ಕೊಕ್ಕು, ಮಡಚಿದ ರೆಕ್ಕೆ, ಬಾಲ, ಗರಿಯಿಲ್ಲದ ಕಾಲಿನ ಮೂಳೆ, ಕಣ್ಣಿನ ಮೂಲೆಯಿಂದ ಕೊಕ್ಕಿನ ಬುಡಕ್ಕಿರುವ ದೂರ. ಎದೆಯ ಗರಿ ಬಿಡಿಸಿ ನೋಡಿದರೆ ನಾಟಿ ಮಾಡಿದ ಗದ್ದೆಯಂತೆ ಸಾಲುಗಳು, ನಡುನಡುವೆ ಬರಿಯ ಚರ್ಮ. ಕೋಳಿ ಕಿತ್ತವರಿಗೆಲ್ಲ ಇದು ಗೊತ್ತು, ಆದರೆ ಸಾಲುಗಳನ್ನು ಕಾಗದದ ಮೇಲೆ ಇಳಿಸಿಕೊಂಡಿರದಿದ್ದರೆ ಚರ್ಮ ಹೊದಿಸುವಾಗ ಅವು ಜರುಗಿದ್ದು ತಿಳಿಯುವುದಿಲ್ಲ. ಸರ್ ಚರ್ಮ ಬಿಡಿಸಿಕೊಟ್ಟ ಮೇಲೆ ಒಳಗಿನ ಮೈಯನ್ನು ಹಾಳೆಯ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದೆ, ದಾರದಿಂದ ಸುತ್ತಳತೆ ತೆಗೆದೆ, ಭುಜ ಮತ್ತು ತೊಡೆ ಸೇರುವ ಬಿಂದುಗಳನ್ನು ಗುರುತಿಸಿದೆ. ಹುಲ್ಲು, ನೂಲು ಸುತ್ತಿ ಮಾಡುವ ಕೃತಕ ದೇಹಕ್ಕೆ ಆ ಹಾಳೆಯೇ ಆಧಾರ.

ಮೈಸೂರಿನಲ್ಲಿ ಈ ಕೆಲಸದ ಮಾತು ಬಂದರೆ ಎಲ್ಲರೂ ವ್ಯಾನ್ ಇಂಗನ್ ಕುಟುಂಬದ ಟ್ಯಾಕ್ಸಿಡರ್ಮಿ ಕಾರ್ಯಾಗಾರದ ಹುಲಿ, ಚಿರತೆಗಳನ್ನು ನೆನೆಯುತ್ತಾರೆ. ಆ ಕಾರ್ಯಾಗಾರ 1999ರಲ್ಲಿ ಮುಚ್ಚಿತು. ಹುಲಿಯ ಗಿಡ್ಡ ಕೂದಲಿನಡಿ ಸ್ನಾಯು ಎದ್ದು ಕಾಣುತ್ತದೆ. ಹಕ್ಕಿಯ ಗರಿ ಎಲ್ಲವನ್ನೂ ಮುಚ್ಚುತ್ತದೆ, ಹಾಗಾಗಿ ಒಳಗಿನ ಅಳತೆಯ ಮೇಲೆ ಇನ್ನೂ ಹೆಚ್ಚು ಭಾರ ಬೀಳುತ್ತದೆ ಎಂಬುದು ನನ್ನ ನಂಬಿಕೆ.

ಕೊನೆಗೆ ಹಕ್ಕಿಯ ಕಾಲಿಗೆ ಕಟ್ಟುವ ವಿವರದ ಚೀಟಿ. ಅದು ಯಾಕೆ ಮುಖ್ಯವೆಂದು ತಿಳಿಸಲು ನಮ್ಮ ಸರ್ ಹೇಳಿದ್ದು ಡಾರ್ವಿನ್ನರ ಕಥೆ. ಎಡಿನ್‌ಬರೋದಲ್ಲಿ ಓದುವಾಗ ಚಾರ್ಲ್ಸ್ ಡಾರ್ವಿನ್ ಹಕ್ಕಿ ತುಂಬುವುದನ್ನು ಕಲಿತದ್ದು ಜಾನ್ ಎಡ್ಮನ್‌ಸ್ಟೋನ್ ಅವರಿಂದ. ಗಯಾನಾದಲ್ಲಿ ಗುಲಾಮರಾಗಿದ್ದು ಬಿಡುಗಡೆ ಪಡೆದವರು ಅವರು. 1835ರಲ್ಲಿ ಗಾಲಪಗೋಸ್‌ನಲ್ಲಿ ಆ ವಿದ್ಯೆ ಡಾರ್ವಿನ್ನರಿಗೆ ನೆರವಾಯಿತು. ಆದರೆ ಅಲ್ಲಿನ ಸಣ್ಣ ಹಕ್ಕಿಗಳಾದ ಅನೇಕ ಫಿಂಚ್‌ಗಳ ಚೀಟಿಯಲ್ಲಿ ಯಾವ ದ್ವೀಪದ್ದೆಂದು ಅವರು ಬರೆದಿರಲಿಲ್ಲ. ಅವರು ಪಯಣಿಸಿದ್ದ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಮತ್ತಿತರರ ಸಂಗ್ರಹಗಳಲ್ಲಿದ್ದ ವಿವರಗಳ ನೆರವಿನಿಂದ ಅದನ್ನು ಆಮೇಲೆ ಹೊಂದಿಸಬೇಕಾಯಿತು.

ಹುಂಜದ ಕಾಲಿಗೆ ಕಟ್ಟಿದ ಚೀಟಿಯಲ್ಲಿ ದಿನಾಂಕ, ಊರು, ಗಂಡು, ಸತ್ತ ಕಾರಣ, ಕಣ್ಣಿನ ಬಣ್ಣ, ಅಳೆದವರ ಹೆಸರು ಬರೆದೆ. ಒಂದು ಸಂಖ್ಯೆ ಕೊಟ್ಟು, ಅದನ್ನೇ ಪುಸ್ತಕದ ಪುಟ, ಬಣ್ಣದ ಹಾಳೆ, ಫೋಟೊಗಳ ಕಡತಕ್ಕೂ ಹಾಕಿದೆ. ಎಲ್ಲವನ್ನೂ ಪೆನ್ಸಿಲ್ಲಿನಲ್ಲೇ ಬರೆದೆ. ಒದ್ದೆ ಕೈ ತಗುಲಿದರೆ ಶಾಯಿ ಹರಡುತ್ತದೆ.