ಅಣ್ಣನ ಮಗ್ಗದಲ್ಲಿ ಎಳೆ ಸೊಟ್ಟಗಾದಾಗ

ಇಳಕಲ್ಲಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಶುಗರ್ ಗುಳಿಗೆ ಮಾರುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ತಪ್ಪು ನನ್ನದೇ.

ಅಣ್ಣ ನೇಕಾರ. ಈಗಲೂ ಕುಣಿ ಮಗ್ಗದಲ್ಲೇ ನೇಯುತ್ತಾನೆ. ಸೀರೆಯ ಮೈಯ ಹಾಸಿನ (ಉದ್ದ ಎಳೆಗಳ) ಜೊತೆ ಸೆರಗಿನ ಹಾಸನ್ನು ಜೋಡಿಸುವ ಕೊಂಡಿ ಕೆಲಸ ನಮ್ಮೂರಿನ ಸೀರೆಯ ಗುರುತು. ಅದಕ್ಕೆ ಕಣ್ಣು ಚೊಕ್ಕ ಇರಬೇಕು. ದೀಪಾವಳಿ ಮುಂದೆ ಒಂದು ದಿನ ಅಂಗಡಿಗೆ ಬಂದು, "ತಮ್ಮಾ, ಹಾಸಿನ ಎಳಿ ನಡುವ ಸೊಟ್ಟ ಕಾಣಾಕತ್ತಾವು" ಎಂದ. ಗಿರಾಕಿಗಳ ಗದ್ದಲದಲ್ಲಿ ತಲೆ ಕೂಡ ಎತ್ತದೆ, "ಚಷ್ಮಾದ ನಂಬರ್ ಬದಲಾಗಿರಬೇಕು" ಅಂದುಬಿಟ್ಟೆ. ಎರಡು ತಿಂಗಳು ಸುಮ್ನೆ ಹೋಯಿತು.

ಅವನಿಗೆ ಶುಗರ್ ಬಂದು ಹನ್ನೊಂದು ವರ್ಷ. ಗುಳಿಗೆ ಕೊಡುವವನು ನಾನೇ. ಕಣ್ಣಿನ ಹಿಂದಿನ ಪರದೆ (ರೆಟಿನಾ) ತೋರಿಸಿದೆಯಾ ಅಂತ ಒಂದು ಸಲವೂ ಕೇಳಿರಲಿಲ್ಲ.

ಕೊನೆಗೆ ವೈನಿಯ ಕಾಟಕ್ಕೆ ಬಾಗಲಕೋಟೆಗೆ ಕರೆದುಕೊಂಡು ಹೋದೆ. ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಸ್ಕ್ಯಾನ್ ಮಾಡಿದರು. ಪರದೆಯ ನಟ್ಟನಡುವೆ ತಗ್ಗು ಇರಬೇಕಾದ ಕಡೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತ್ತು. ಸಕ್ಕರೆಗೆ ಸಣ್ಣ ರಕ್ತನಾಳಗಳು ಸೋತು, ನೀರು ಸೋರಿ ಅಲ್ಲಿ ನಿಂತಿದೆ. ನೆಟ್ಟಗಿರುವ ಎಳೆ ಬಾಗಿ ಕಂಡದ್ದು ಅದಕ್ಕೇ. ಎರಡೂ ಕಣ್ಣಿನ ದೃಷ್ಟಿ 6/24ಕ್ಕೆ ಇಳಿದಿತ್ತು, ಅಂದರೆ ಕಣ್ಣು ಚೊಕ್ಕ ಇರುವವರು 24 ಮೀಟರಿನಿಂದ ಓದುವುದನ್ನು ಅವನು 6 ಮೀಟರಿನಿಂದ ಓದಬೇಕು.

ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ಬೆವಾಸಿಜುಮ್ಯಾಬ್‌ನಿಂದ ಶುರು ಮಾಡೋಣ ಎಂದರು ಡಾಕ್ಟರ್ ಮೇಡಂ. ಅದು ಮೂಲತಃ ದೊಡ್ಡ ಕರುಳಿನ ಕ್ಯಾನ್ಸರಿಗೆ ಬಂದ ಔಷಧಿ ಅಂತ ನನಗೆ ಗೊತ್ತಿತ್ತು. ಇದೇ ತೊಂದರೆಗೆ ಕೊಡುವ ಇನ್ನೊಂದು ಔಷಧಿ ಅಫ್ಲಿಬರ್ಸೆಪ್ಟ್‌ಗಿಂತ ತೀರಾ ಅಗ್ಗ ಅಂತಲೂ ಗೊತ್ತಿತ್ತು. ನೇಕಾರ ಅಂತ ಅಗ್ಗದ್ದು ಕೊಡುತ್ತಿದ್ದಾರಾ? ಔಷಧಿ ಮಾರುವವನ ತಲೆಗೆ ಮೊದಲು ಬರುವುದು ಬೆಲೆಯೇ ಅಲ್ವಾ.

ಆ ರಾತ್ರಿ ಕೂತು ಓದಿದೆ. 2015ರಲ್ಲಿ ಅಮೆರಿಕದ 89 ಚಿಕಿತ್ಸಾ ಕೇಂದ್ರಗಳಲ್ಲಿ, ಶುಗರಿನಿಂದ ಕಣ್ಣಿನ ಪರದೆ ಹೀಗೆ ಉಬ್ಬಿದ 660 ಜನರ ಮೇಲೆ ಮೂರು ಔಷಧಿಗಳನ್ನು (ಇವೆರಡು ಮತ್ತು ರಾನಿಬಿಜುಮ್ಯಾಬ್) ಹೋಲಿಸಿದ ಅಧ್ಯಯನದ ಫಲಿತಾಂಶ ಬಂದಿತ್ತು. ಆಗ ಅಲ್ಲಿ ಅಫ್ಲಿಬರ್ಸೆಪ್ಟ್ ಒಂದು ಸೂಜಿಗೆ ಸುಮಾರು 1950 ಡಾಲರ್, ಬೆವಾಸಿಜುಮ್ಯಾಬ್ ಸುಮಾರು 50. ದೃಷ್ಟಿ ಸ್ವಲ್ಪವೇ ಕುಂದಿದವರಿಗೆ ಮೂರರಲ್ಲಿ ಯಾವುದಾದರೂ ಒಂದೇ. ಜಾಸ್ತಿ ಕುಂದಿದವರು ಮಾತ್ರ ವರ್ಷದ ಕೊನೆಗೆ ದುಬಾರಿ ಅಫ್ಲಿಬರ್ಸೆಪ್ಟ್‌ನಿಂದ ಕಣ್ಣು ಪರೀಕ್ಷೆಯ ಬೋರ್ಡಿನ ಮೇಲೆ ಮೊದಲಿಗಿಂತ ಸುಮಾರು 19 ಅಕ್ಷರ ಹೆಚ್ಚು ಓದಿದ್ದರು. ಅಗ್ಗದ್ದರಿಂದ 12. ಅಣ್ಣ ಈ ಎರಡನೇ ಗುಂಪಿನವನು. ನಿದ್ದೆ ಹಾರಿಹೋಯಿತು.

ಬೆಳಿಗ್ಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಕೇಳಿದೆ. ಮೇಡಂ ಬೇಜಾರಾಗಲಿಲ್ಲ. "2015ಕ್ಕ ನಿಂತ್ರೆಲ್ಲಾ, 2022ರದ್ದೂ ಓದ್ರಿ" ಎಂದರು.

ಓದಿದೆ. ಈ ಸಲ ಅಣ್ಣನಂಥ 312 ಕಣ್ಣುಗಳು. ಅರ್ಧಕ್ಕೆ ಮೊದಲಿನಿಂದಲೂ ಅಫ್ಲಿಬರ್ಸೆಪ್ಟ್. ಉಳಿದ ಅರ್ಧಕ್ಕೆ ಬೆವಾಸಿಜುಮ್ಯಾಬ್, 12 ವಾರದ ನಂತರ ಸಾಕಷ್ಟು ಗುಣ ಕಾಣದಿದ್ದರೆ ಅಫ್ಲಿಬರ್ಸೆಪ್ಟ್‌ಗೆ ಬದಲು. ಎರಡು ವರ್ಷದ ಸರಾಸರಿ ತೆಗೆದರೆ ಮೊದಲ ಗುಂಪಿಗೆ 15 ಅಕ್ಷರ ಹೆಚ್ಚಾಗಿತ್ತು, ಎರಡನೆಯದಕ್ಕೆ 14. ವ್ಯತ್ಯಾಸವೇ ಇಲ್ಲ ಅನ್ನಬಹುದು. ಆದರೆ ಅಗ್ಗದ್ದರಿಂದ ಶುರು ಮಾಡಿದ ಕಣ್ಣುಗಳಲ್ಲಿ ನೂರಕ್ಕೆ 70ಕ್ಕೆ ಔಷಧಿ ಬದಲಿಸಬೇಕಾಯಿತು. ಅಂದರೆ ಅಗ್ಗದ್ದೇ ಸಾಕು ಅಂತಲ್ಲ. ಅದರಿಂದ ಶುರು ಮಾಡಿದರೆ ನಷ್ಟವಿಲ್ಲ, ಕರೆದಾಗೆಲ್ಲ ಹೋಗಿ ತೋರಿಸುತ್ತಿದ್ದರೆ.

ಕಷ್ಟ ಇರುವುದು ಅಲ್ಲೇ. ಹಾಸು ಅರ್ಧಕ್ಕೆ ನಿಂತಿರುವಾಗ ಅಣ್ಣ ಮಗ್ಗ ಬಿಟ್ಟು ಏಳುವವನಲ್ಲ. ಎರಡನೇ ಸೂಜಿ ಹತ್ತು ದಿನ ತಡವಾಯಿತು. ಆಮೇಲೆ ತಾರೀಖುಗಳನ್ನು ವೈನಿ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಪಕ್ಕ ಬರೆದಿಟ್ಟರು.

ಬಲಗಣ್ಣು ಮೂರು ಸೂಜಿಗೆ 6/12ಕ್ಕೆ ಬಂತು. ಎಡಗಣ್ಣು ಹಟಮಾರಿ. ನಾಲ್ಕಾದ ಮೇಲೂ ಉಬ್ಬು ಇಳಿಯಲಿಲ್ಲ, ಔಷಧಿ ಬದಲಿಸಿದ್ದಾರೆ. ದುಡ್ಡು ಜಾಸ್ತಿಯೇ, ಆದರೆ ಒಂದೇ ಕಣ್ಣಿಗೆ ತಾನೆ.

ಸಕ್ಕರೆ, ಬಿಪಿ ಎರಡನ್ನೂ ಹಿಡಿತದಲ್ಲಿಟ್ಟರೆ ಕಣ್ಣು ಕೆಡುವುದು ಕಡಿಮೆ ಅಂತ ಬ್ರಿಟನ್ನಿನ ದೊಡ್ಡ ಅಧ್ಯಯನ 1998ರಲ್ಲೇ ತೋರಿಸಿತ್ತು. ಆ ವರ್ಷ ನಾನು ಡಿ.ಫಾರ್ಮಾ ಓದುತ್ತಿದ್ದೆ!

ಈಗ ಶುಗರ್ ಗುಳಿಗೆಗೆ ಬಂದವರನ್ನೆಲ್ಲ ಕೇಳುತ್ತೇನೆ, ವರ್ಷಕ್ಕೊಮ್ಮೆ ಹನಿ ಹಾಕಿಸಿ ಪರದೆ ತೋರಿಸಿದ್ದೀರಾ ಅಂತ. "ಕಣ್ಣು ಛಲೋ ಕಾಣ್ತಾವಲ್ರೀ" ಅನ್ನುತ್ತಾರೆ. ಶುರುವಿನಲ್ಲಿ ನೋವಿಲ್ಲ, ಮಂಜಿಲ್ಲ, ಏನೂ ಇಲ್ಲ. ಹೇಗೆ ನಂಬಿಸುವುದು? ಒಬ್ಬರಂತೂ, "ಗುಳಿಗಿ ಕೊಡ್ರಿ, ಕಣ್ಣಿನ ಸುದ್ದಿ ನಿಮಗ್ಯಾಕ" ಎಂದು ಪಕ್ಕದ ಅಂಗಡಿಗೆ ಹೋದರು.

ಮೊನ್ನೆ ತಪಾಸಣೆ ಮುಗಿಸಿ ಬರುವಾಗ ಅಣ್ಣನ ಕಣ್ಣಿಗೆ ಇನ್ನೂ ಹನಿಯ ಮಂಜು. ಕಪ್ಪು ಚಷ್ಮಾ ಹಾಕಿಕೊಂಡು, ಬಸ್ಸಿನ ಬೋರ್ಡು ಓದಲಾರದೆ ನನ್ನ ಕೈ ಹಿಡಿದೇ ಹತ್ತಿದ್ದ. ಅಮೀನಗಡದಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಬೆರಳು ಮಾಡಿ, "ತಮ್ಮಾ, ಅದs ಕರದಂಟಿನ ಅಂಗಡಿ ಅಲ್ಲೇನು?" ಎಂದ. ಹೌದು, ಅದೇ ಆಗಿತ್ತು.