ಡ್ರೈವರ್‌ನ ಕೊಂದಿದ್ದು ಯಾರು?

ಭಾನುವಾರದಿಂದ ಒಂದೇ ಮಾತು ತಲೇಲಿ ಕೊರೀತಾ ಇದೆ. "ನಮ್ಮಪ್ಪ ಮನೇಲಿ ಮಾತೇ ಆಡ್ತಿರ್ಲಿಲ್ಲ ಸಾರ್."

ತುಮಕೂರು ಮಂಡಿಪೇಟೆ ಕಡೆ ನಾನು ಹೋಗೋ ಗುಜರಿ ಅಂಗಡಿ. ಹಳೇ ಹಾಲಿವುಡ್ ಬಗ್ಗೆ, ಪತ್ತೇದಾರಿ ಏನಾದ್ರೂ ಬಂದ್ರೆ ಎತ್ತಿಡಣ್ಣ ಅಂತ ಹೇಳಿಟ್ಟಿದೀನಿ, ಆತ ಎತ್ತಿಡೋದು ಬರೀ ಪಿಯುಸಿ ಗೈಡು. ಈ ಸಲ ನೋಡಿದ್ರೆ ದಪ್ಪ ದಪ್ಪ ಪುಸ್ತಕದ್ದು ರಟ್ಟು ಕಿತ್ತು ಕಿತ್ತು ಎಸೀತಾ ಇದಾನೆ. ಯಾಕಣ್ಣ ಅಂದ್ರೆ "ರಟ್ಟಿಗೆ ಬ್ಯಾರೆ ರೇಟು, ಪೇಪರ್‌ಗೆ ಬ್ಯಾರೆ ರೇಟು ಸಾ." ಕೈಲಿದ್ದಿದ್ದು ಫ್ರೆಂಚ್ ನಿರ್ದೇಶಕ ತ್ರೂಫೊ, ಸಸ್ಪೆನ್ಸ್ ಸಿನಿಮಾ ತೆಗೀತಿದ್ದ ಹಿಚ್‌ಕಾಕ್‌ನ ದಿನಗಟ್ಲೆ ಕೂರಿಸ್ಕೊಂಡು ಮಾತಾಡಿಸಿದ ಪುಸ್ತಕ! ರಟ್ಟು ಹೋಗೇಬಿಟ್ಟಿತ್ತು, ಒಳಗಿಂದು ಕಿತ್ಕೊಂಡೆ.

ಮಾರಕ್ಕೆ ತಂದಿದ್ದ ಮಗ ಅಲ್ಲೇ ಸ್ಕೂಟರ್ ಮೇಲೆ ಕೂತಿದ್ದ, ಇಸ್ತ್ರಿ ಶರ್ಟು, ಕಣ್ಣು ತಕ್ಕಡಿ ಮೇಲೆ. ಅಪ್ಪ ಹೋಗಿ ವರ್ಷ ಆಗಿಲ್ವಂತೆ, ಮನೆ ಬಾಡಿಗೆಗೆ ಕೊಡ್ಬೇಕಂತೆ. ನಿಮ್ ತಂದೆ ಯಾವ್ಯಾವ ಸಿನಿಮಾ ಇಷ್ಟ ಪಡ್ತಿದ್ರು ಅಂತ ಕೇಳಿದ್ದಕ್ಕೆ ಬಂದ ಉತ್ರ ಅದು, ಮಾತೇ ಆಡ್ತಿರ್ಲಿಲ್ಲ ಅಂತ. ಬೇಜಾರಲ್ಲೂ ಹೇಳ್ಲಿಲ್ಲ, ಮೀಟರ್ ರೀಡಿಂಗ್ ಹೇಳ್ದಂಗೆ ಹೇಳ್ದ. ಇಂಥೋರನ್ನ ಕಂಡ್ರೆ ನಂಗೆ ಮೈಯುರಿ, ಆದ್ರೂ ಅವನು ಸುಳ್ಳು ಹೇಳ್ತಿಲ್ಲ ಅನ್ನಿಸ್ತು.

ಮನೇಗ್ ಬಂದು ತೆಗೆದು ನೋಡ್ತೀನಿ, ಆ ಮನುಷ್ಯ ಮಾತಾಡಿರೋದೇ ಮಾತಾಡಿರೋದು! ಪ್ರತಿ ಅಂಚಲ್ಲೂ ಪೆನ್ಸಿಲ್ಲು, ಸಣ್ಣ ಕನ್ನಡ ಅಕ್ಷರ. ಮೇಜಿನ ಕೆಳಗೆ ಬಾಂಬ್ ಇದೆ ಅಂತ ಪ್ರೇಕ್ಷಕರಿಗೆ ಮೊದ್ಲೇ ಹೇಳ್ಬಿಟ್ರೆ ಹದಿನೈದು ನಿಮಿಷ ಸಸ್ಪೆನ್ಸ್, ಹೇಳ್ದೆ ಸಿಡಿಸಿದ್ರೆ ಹದಿನೈದೇ ಸೆಕೆಂಡ್ ಶಾಕ್ ಅಂತಾನಲ್ಲ ಹಿಚ್‌ಕಾಕ್, ಅದರ ಪಕ್ಕ "ಒಪ್ಪಲ್ಲ ಸ್ವಾಮಿ" ಅಂತ ಬರ್ದವ್ರೆ. ಹಿಚ್‌ಕಾಕ್‌ಗೇ!

ಆದ್ರೆ ನಿದ್ದೆ ಕೆಡಿಸಿದ್ದು ಅದೇ ರಾಶೀಲಿ ಸಿಕ್ಕ ಇನ್ನೊಂದು ಪುಸ್ತಕ. ರೇಮಂಡ್ ಚಾಂಡ್ಲರ್‌ನ ದಿ ಬಿಗ್ ಸ್ಲೀಪ್, 1939ರ ಪತ್ತೇದಾರಿ ಕಾದಂಬರಿ. ಅದ್ರಲ್ಲಿ ಶ್ರೀಮಂತರ ಮನೆ ಡ್ರೈವರ್ ಕಾರ್ ಸಮೇತ ಸಮುದ್ರಕ್ಕೆ ಬಿದ್ದು ಸಾಯ್ತಾನೆ, ಕೊಲೆನೋ ಆತ್ಮಹತ್ಯೆನೋ ಕೊನೇವರ್ಗೂ ಇತ್ಯರ್ಥ ಆಗಲ್ಲ. ನಟ ಹಂಫ್ರಿ ಬೋಗಾರ್ಟ್‌ನ ಹಾಕ್ಕೊಂಡು ನಿರ್ದೇಶಕ ಹೋವರ್ಡ್ ಹಾಕ್ಸ್ ಇದನ್ನ ಸಿನಿಮಾ ತೆಗೀವಾಗ, ಅದು ಥಿಯೇಟರ್‌ಗೆ ಬಂದಿದ್ದು 1946ರಲ್ಲಿ, ಆ ಟೀಮಿಗೂ ತಲೆ ಕೆಟ್ಟು ಚಾಂಡ್ಲರ್‌ಗೇ ಟೆಲಿಗ್ರಾಂ ಕೊಟ್ರು, ಡ್ರೈವರ್‌ನ ಯಾರಾದ್ರೂ ಕೊಂದ್ರಾ ಹೆಂಗೆ ಅಂತ. ನಂಗೂ ಗೊತ್ತಿಲ್ಲ ಅಂದ ಆ ಪುಣ್ಯಾತ್ಮ. ಚಿತ್ರಕತೆ ಬರೆಯಕ್ಕೆ ವಿಲಿಯಂ ಫಾಕ್ನರ್ ಅಂಥ ದೊಡ್ಡ ಕಾದಂಬರಿಕಾರರಿದ್ರು, ಅಂಥ ಕಡೆನೇ ಹಿಂಗಾಯ್ತು.

ಈ ಕಾಪಿ ಕೊನೇ ಪುಟದಲ್ಲಿ ಅದೇ ಪೆನ್ಸಿಲ್ಲು: "ಎಲ್ಲಾ ಸರಿ. ಡ್ರೈವರ್‌ನ ಕೊಂದಿದ್ದು ಯಾರು??"

ಹಾಕ್ಸ್‌ಗಾದ್ರೆ ಟೆಲಿಗ್ರಾಂ ಇತ್ತು, ಇವ್ರು ತುಮಕೂರಲ್ಲಿ ಕೂತ್ಕೊಂಡು ಯಾರನ್ನ ಕೇಳ್ಬೇಕಿತ್ತು? ಮಾತೇ ಆಡ್ತಿರ್ಲಿಲ್ಲ ಅಂತೆ. ಬೋಗಾರ್ಟ್ ಯಾರು ಅಂತ ಕೇಳೋ ಒಬ್ರೂ ಮನೇಲಿ ಇಲ್ದಿದ್ರೆ ನಾನಾದ್ರೂ ಏನ್ ಮಾತಾಡ್ತೀನಿ, ಉಪ್ಪು ಕಮ್ಮಿ ಆಗಿದೆ ಅಂತೀನಿ ಅಷ್ಟೇ. ನಮ್ಮ ಮನೇಲೂ ನಾನು ಪುಸ್ತಕ ಹಿಡ್ಕೊಂಡ್ರೆ ಎಲ್ರೂ ಎದ್ದು ಟಿವಿ ಕಡೆ ಹೋಗ್ತಾರೆ, ಅದನ್ನ ಇಷ್ಟು ದಿನ ನೆಮ್ಮದಿ ಅಂದ್ಕೊಂಡಿದ್ದೆ.

ನಿನ್ನೆ ಗುಜರಿಯೋನು ಫೋನ್ ಮಾಡಿದ್ದ. ಅದೇ ಮನೇದು ಇನ್ನೊಂದು ಮೂಟೆ ಬಂದಿದ್ಯಂತೆ. "ಈ ಸಲ ಕೇಜಿ ಲೆಕ್ಕ ಅಲ್ಲ ಸಾ, ನಿಮ್ ಮುಖ ನೋಡಿದೀನಿ ನಾನು."